ಮನೆಮಾತಿನ ಋಣ

ಊರು ಬಿಟ್ಟು ಹೋಗುವುದು ಉಡುಪಿ, ಕಾಪು, ಕಾರ್ಕಳ ಸೀಮೆಯವರಿಗೆ ಹೊಸ ಸಂಗತಿಯೇನೂ ಅಲ್ಲ. ಕಡಲ ಕರೆಯ ಹಳ್ಳಿಗಳಿಂದ ಮುಂಬಯಿಗೆ ಹೋದವರುಂಟು. ಮದರಾಸಿನಲ್ಲಿ ಉಡುಪಿಯ ಹೆಸರಿನಿಂದ ಊಟದ ಮನೆಗಳನ್ನಿಟ್ಟವರುಂಟು. ಆ ಬಳಿಕ ಕೊಲ್ಲಿಯ ನಾಡುಗಳಿಗೆ ಹೋದವರಂತೂ ಬೀದಿಬೀದಿಗೂ ಉಂಟು. ಆದರೆ ಮುಂಬಯಿಯಲ್ಲಿ ಹಗಲೆಲ್ಲ ದುಡಿದ ಹುಡುಗನಿಗೆ ರಾತ್ರಿ ಕನ್ನಡ ಕಲಿಸುವ ಶಾಲೆಗಳಿದ್ದುವು. ಕೊಲ್ಲಿಗೆ ಹೋದವನಿಗೆ ಎಂದಾದರೊಂದು ದಿನ ಹಿಂದಿರುಗಲೇಬೇಕೆಂಬುದು ಹೋಗುವಾಗಲೇ ಗೊತ್ತಿದ್ದಿತು. ಈ ಎರಡು ಆಸರೆಗಳೂ ಇಲ್ಲದ ವಲಸೆಯೊಂದು ಈಚೆಗೆ ಮೊದಲಾಗಿದೆ. ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಯು 2007ರಲ್ಲಿ ಮೆಕ್ಸಿಕೋ ದೇಶದ ಮೊಂತೆರ್ರೆ ನಗರದಲ್ಲಿ ಕಚೇರಿಯನ್ನು ತೆರೆಯಿತು. ಮಣಿಪಾಲದಲ್ಲಿ 1957ರಿಂದಲೂ, ಕಾರ್ಕಳದ ಬಳಿಯ ನಿಟ್ಟೆಯಲ್ಲಿ 1986ರಿಂದಲೂ ನಡೆದುಬಂದಿರುವ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಕಲಿತವರಿಗೆ ಇಂತಹ ಊರುಗಳ ಹೆಸರು ಈಗ ಅಪರಿಚಿತವಲ್ಲ. ಅಲ್ಲಿಯ ಬೀದಿಯಲ್ಲಿ ಕನ್ನಡವಿಲ್ಲ, ತುಳುವಿಲ್ಲ, ಕೊಂಕಣಿಯಿಲ್ಲ. ಕಚೇರಿಯ ಇಂಗ್ಲಿಷು ತರಕಾರಿಯ ಅಂಗಡಿಯವರೆಗೆ ಬಾರದು. ಅಲ್ಲಿ ಸಂಸಾರ ಹೂಡಿದ ದಂಪತಿಗಳ ಮಗು ಮನೆಯೊಳಗೆ ಯಾವ ಮಾತನ್ನಾಡತಕ್ಕದ್ದು ಎಂಬುದು ಮೇಲುನೋಟಕ್ಕೆ ಬರಿಯ ಅನುಕೂಲದ ವಿಚಾರವೆಂದು ತೋರಿದರೂ, ವಿವೇಚಿಸಿ ನೋಡಿದಲ್ಲಿ ಧರ್ಮದ ಪ್ರಶ್ನೆಯೇ ಆಗಿದೆ.

ಕಾರ್ಕಳದಲ್ಲಿ ಬೆಳಗಿನ 7 ಗಂಟೆಯಾದಾಗ ಮೊಂತೆರ್ರೆಯಲ್ಲಿ ಹಿಂದಿನ ದಿನದ ಸಂಜೆ 7.30. ಇಲ್ಲಿ ಅಜ್ಜಿ ದೇವರಿಗೆ ಹೂವಿಟ್ಟು ಬಂದು ಮೊಬೈಲಿನ ಮುಂದೆ ಕುಳಿತುಕೊಳ್ಳುವಳು. ಅಲ್ಲಿ ಮಗು ಆಟ ಮುಗಿಸಿ ಬಂದಿರುವುದು. ನಾಲ್ಕು ವರ್ಷದ ಮಗುವಿಗೆ ಅಜ್ಜಿಯ ಮಾತು ತಿಳಿಯುತ್ತದೆ, ಆದರೆ ಉತ್ತರ ಸ್ಪ್ಯಾನಿಷಿನಲ್ಲಿ ಬರುತ್ತದೆ. ತಾಯಿ ನಡುವೆ ನಿಂತು ದುಭಾಷಿಯಾಗುತ್ತಾಳೆ. ಆರು ವರ್ಷವಾಗುವಾಗ ಅರ್ಧ ಗಂಟೆಯ ಮಾತು ಐದು ನಿಮಿಷಕ್ಕಿಳಿಯುತ್ತದೆ. ಎಂಟಾಗುವಾಗ ಊಟವಾಯಿತೇ ಎಂಬ ಪ್ರಶ್ನೆಯೂ ಆಯಿತು ಎಂಬ ತಲೆದೂಗುವಿಕೆಯೂ ಉಳಿಯುತ್ತವೆ. ಯಾರೂ ಜಗಳವಾಡಿದುದಿಲ್ಲ, ಯಾರೂ ಯಾರನ್ನೂ ತೊರೆದುದಿಲ್ಲ. ಆದರೂ ಒಂದು ಸಂಬಂಧವು ಸದ್ದಿಲ್ಲದೆ ಸಮೆದುಹೋಗಿರುತ್ತದೆ.

ಈ ವಿಷಯದಲ್ಲಿ ತಿಳಿದವರಲ್ಲಿ ಎರಡು ಪಂಗಡಗಳುಂಟು. ಗಿಡವು ಬೇರೂರಿದ ಮಣ್ಣಿನ ಸಾರವನ್ನೇ ಹೀರತಕ್ಕದ್ದು, ತಾವು ಬಿಟ್ಟುಬಂದ ಊರಿನ ಹಂಬಲವನ್ನು ಕೂಸಿನ ನಾಲಗೆಯ ಮೇಲೆ ಹೇರುವುದು ತಂದೆತಾಯಿಗಳ ಸ್ವಾರ್ಥವೆಂದು ಒಂದು ಪಂಗಡ. ಹೆತ್ತ ನುಡಿಯನ್ನು ಮರೆಯುವುದು ಕೃತಘ್ನತೆ, ಮಗುವಿಗೆ ಕಡ್ಡಾಯವಾಗಿ ಕಲಿಸಲೇಬೇಕೆಂದು ಇನ್ನೊಂದು. ಇವೆರಡೂ ವಿರುದ್ಧವಾಗಿ ತೋರಿದರೂ ಒಂದೇ ತಪ್ಪನ್ನು ಮಾಡುತ್ತವೆ. ಎರಡೂ ಮಗುವಿನ ಕರ್ತವ್ಯವನ್ನು ಕುರಿತೇ ವಾದಿಸುತ್ತವೆ. ಸಾಲಗಾರನು ಯಾರೆಂದು ಎರಡೂ ಕೇಳುವುದಿಲ್ಲ.

ಕೊಂಡವನು ಕೊಡತಕ್ಕವನು. ತಾಯ ಮಡಿಲಲ್ಲಿ ಮಲಗಿ ಮಾತನ್ನು ಪಡೆದವನು ಈಗ ಮೊಂತೆರ್ರೆಯಲ್ಲಿರುವ ಮಗನೇ ಹೊರತು ಅವನ ಮಗುವಲ್ಲ. ಮಗುವು ಇನ್ನೂ ಏನನ್ನೂ ಪಡೆದಿಲ್ಲ. ಪಡೆಯದವನ ಮೇಲೆ ಋಣವಿಲ್ಲ. ಹಾಗೆಯೇ ಸಾಲ ಕೊಟ್ಟವಳೂ ಭುವನೇಶ್ವರಿಯೆಂಬ ಭಾವಚಿತ್ರವಲ್ಲ. ನುಡಿದೇವಿಗೆ ಎಷ್ಟು ಶತಮಾನವಾದರೂ ಕಾಯುವ ಶಕ್ತಿಯುಂಟು. ಚಾವಡಿಯಲ್ಲಿ ಕುಳಿತಿರುವ, ಎಂಬತ್ತರ ಅಂಚಿಗೆ ಬಂದಿರುವ, ಬೇರೆ ನಾಡಿನ ಮಾತೊಂದನ್ನೂ ಅರಿಯದ ಮುದುಕಿಗೆ ಆ ಶಕ್ತಿಯಿಲ್ಲ. ಸಲ್ಲಿಸಬೇಕಾದುದು ಅವಳಿಗೆ, ಸಲ್ಲಿಸಬೇಕಾದವರು ಅವಳ ಮಗನೂ ಸೊಸೆಯೂ.

ಋಣವು ಹೀಗೆ ಅದರ ಯಜಮಾನನನ್ನು ಸೇರಿದ ಮೇಲೆ ನಡತೆಯೂ ಬೇರೆಯಾಗುತ್ತದೆ. ಕಚೇರಿಯಿಂದ ದಣಿದು ಬಂದರೂ ಮಗುವಿನೊಡನೆ ಮನೆಯ ಮಾತನ್ನೇ ಆಡುವ, ಕಥೆ ಹೇಳುವ, ಬೈಯುವ, ಲಾಲಿಸುವ ಶ್ರಮವೆಲ್ಲ ತಂದೆತಾಯಿಗಳದು. ಮಗುವು ಯಾವ ನುಡಿಯಲ್ಲಿ ಉತ್ತರಿಸಿದರೂ ಅದಕ್ಕೆ ದಂಡನೆಯಿಲ್ಲ. ‘ನಮ್ಮ ಮಾತಿನಲ್ಲಿ ಕೇಳಿದರೆ ಮಾತ್ರ ಕೊಡುವೆ’ ಎಂದು ತಿಂಡಿಯನ್ನು ಎತ್ತಿಹಿಡಿಯುವ ತಂದೆಯು ತನ್ನ ಸಾಲವನ್ನು ಮಗುವಿನಿಂದ ವಸೂಲುಮಾಡುವವನು. ಗಂಡಹೆಂಡಿರು ತಮ್ಮೊಳಗೆ ಇಂಗ್ಲಿಷಿನಲ್ಲಿ ಮಾತಾಡಿಕೊಂಡು ಮಗುವಿನಿಂದ ಮಾತ್ರ ಮನೆಮಾತನ್ನು ನಿರೀಕ್ಷಿಸುವುದಂತೂ ನಗೆಗೀಡು. (ಈ ನಗೆಪಾಟಲು ಕಾಣಲು ಸಮುದ್ರವನ್ನು ದಾಟಬೇಕಾಗಿಲ್ಲವೆಂಬುದನ್ನು ಮಣಿಪಾಲದ ವಾಚಕರು ಬಲ್ಲರು.)

ಇನ್ನೊಂದು ತೊಡಕುಂಟು. ಕಾರ್ಕಳದ ಕೊಂಕಣಿ ಮನೆಯಲ್ಲಿ ಒಳಗೆ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆಗೂ ಕಾಗದಕ್ಕೂ ಕನ್ನಡ. ಮೂರನ್ನೂ ಹೊತ್ತು ಸ್ಪ್ಯಾನಿಷು ನಾಡಿನಲ್ಲಿ ಮಗುವನ್ನು ಬೆಳೆಸುವುದು ಎಲ್ಲರ ಶಕ್ತಿಗೂ ಎಟುಕದು. ಒಂದನ್ನೇ ಆರಿಸಿಕೊಳ್ಳಬೇಕಾದರೆ ಯಾವುದನ್ನು? ಮೇಲಿನ ನ್ಯಾಯಕ್ಕೆ ನಿಷ್ಠರಾದವರು ಅಜ್ಜಿಯು ಯಾವ ಮಾತಿನಲ್ಲಿ ಗದರುವಳೋ ಅದನ್ನೇ ಎಂದು ಹೇಳಬೇಕಾಗುತ್ತದೆ. ಅದು ಕೊಂಕಣಿಯಾಗಬಹುದು, ತುಳುವಾಗಬಹುದು, ಬ್ಯಾರಿಯಾಗಬಹುದು. ಕನ್ನಡದ ಮಾಸಪತ್ರಿಕೆಯಲ್ಲಿ ಇದು ಅಪ್ರಿಯವಾದೀತು. ಆದರೆ ಈ ಜಿಲ್ಲೆಯ ಕನ್ನಡವು ಇಂತಹ ಮನೆಗಳಿಂದಲೇ ಪುಷ್ಟಿಗೊಂಡಿತು. ಪಂಜೆ ಮಂಗೇಶರಾಯರ (1874–1937) ಮನೆಮಾತು ಕೊಂಕಣಿ. ಕನ್ನಡದ ಮಕ್ಕಳಿಗೆ ಅವರು ಕೊಟ್ಟ ಹಾಡುಗಳೂ ಕಥೆಗಳೂ ಯಾವ ಮನೆಯಲ್ಲಿ ಇಲ್ಲ? 1949ರಲ್ಲಿ ಮದರಾಸು ಸರಕಾರದಿಂದ ರಾಷ್ಟ್ರಕವಿಯೆನಿಸಿದ ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೂ ಕೊಂಕಣಿಯೇ. ಒಳಮನೆಯ ನುಡಿಯು ಬೀದಿಯ ನುಡಿಗೆ ಅಡ್ಡಬಂದುದಿಲ್ಲ.

ಈ ಕೊಂಕಣಿಗರ ವೃತ್ತಾಂತವು ಇಲ್ಲಿ ಬಹಳ ಪ್ರಕೃತವಾದುದು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದರು. 1560ರಲ್ಲಿ ಅಲ್ಲಿ ಮತವಿಚಾರಣೆಯ ನ್ಯಾಯಸ್ಥಾನವು ಸ್ಥಾಪಿತವಾಯಿತು. ಆ ಶತಮಾನದಲ್ಲಿ ದಕ್ಷಿಣಕ್ಕೆ ಬಂದ ಕುಟುಂಬಗಳ ಸಂತತಿಯು ಇಂದಿಗೂ ಕಾರ್ಕಳದ ವೆಂಕಟರಮಣ ದೇವಸ್ಥಾನದ ಸುತ್ತಲಿನ ಮನೆಗಳಲ್ಲಿ ಕೊಂಕಣಿಯನ್ನಾಡುತ್ತಿದೆ. ಅತ್ತೂರಿನ ಇಗರ್ಜಿಯ ಕ್ರೈಸ್ತರೂ ಅದೇ ನುಡಿಯನ್ನು ಕಾಯ್ದುಕೊಂಡಿದ್ದಾರೆ. ಶತಮಾನಗಳ ಕಾಲ ರಾಜಾಜ್ಞೆಯಿಲ್ಲದೆ, ಶಾಲೆಯಿಲ್ಲದೆ, ಲಿಪಿಯನ್ನು ಕೂಡ ನೆರೆಯ ಕನ್ನಡದಿಂದ ಪಡೆದು ಅದು ಬಾಳಿತು. ಆದರೆ ಈ ನಿದರ್ಶನವನ್ನು ಅತಿಯಾಗಿ ಎಳೆಯಬಾರದು. ಅವರು ಗುಂಪಾಗಿ ಬಂದರು. ದೇವರೊಡನೆ, ಪುರೋಹಿತನೊಡನೆ, ಹೆಣ್ಣು ಕೊಟ್ಟು ತರುವ ಬಳಗದೊಡನೆ ನೆಲೆನಿಂತರು. ಮೊಂತೆರ್ರೆಯ ಐದನೆಯ ಮಹಡಿಯ ಒಂಟಿ ಸಂಸಾರಕ್ಕೆ ಆ ಬಲವಿಲ್ಲ. ಅಲ್ಲಿ ಭಾಷೆಯು ಉಳಿಯುವುದಾದರೆ ಇಬ್ಬರ ನಾಲಗೆಯ ಮೇಲೆ ಮಾತ್ರ.

ಹಾಗೆಂದು ಬಾಗಿಲು ಮುಚ್ಚಿಕೊಂಡು ಒಳಗೆ ಊರನ್ನು ಕಟ್ಟಿಕೊಳ್ಳುವುದು ಸಲ್ಲದು. ಆಶ್ರಯ ಕೊಟ್ಟ ನಾಡೂ ಒಂದು ಸಾಲಗಾರಿಕೆಯನ್ನು ಹುಟ್ಟಿಸುತ್ತದೆ. ಮೆಕ್ಸಿಕೋದ ಜನರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ತೊಳೆದು, ಅರೆದು ರೊಟ್ಟಿ ತಟ್ಟುತ್ತಾರೆ. ಐರೋಪ್ಯರು ಅವರಿಂದ ಧಾನ್ಯವನ್ನು ತೆಗೆದುಕೊಂಡು ಹೋದರು. ಸುಣ್ಣದ ಪಾಕವನ್ನು ಅನಾಗರಿಕರ ಪದ್ಧತಿಯೆಂದೋ ಏನೋ ಬಿಟ್ಟುಹೋದರು. ಆ ಪಾಕವಿಲ್ಲದ ಜೋಳದಲ್ಲಿರುವ ಒಂದು ಜೀವಸತ್ತ್ವವು ಮೈಗೆ ಹತ್ತದು. ಅದನ್ನೇ ಉಂಡು ಬದುಕಿದ ಬಡವರಿಗೆ ಚರ್ಮ ಬಿರಿದು, ಬುದ್ಧಿ ಕದಡುವ ಪೆಲ್ಲಾಗ್ರಾ ಎಂಬ ರೋಗ ಬಂದಿತು. ಸ್ಪೇನಿನ ಆಸ್ತೂರಿಯಸ್ ಸೀಮೆಯಲ್ಲಿ ಗಾಸ್ಪಾರ್ ಕಸಾಲ್ ಎಂಬ ವೈದ್ಯನು 1735ರಲ್ಲಿ ಅದನ್ನು ವರ್ಣಿಸಿದನು. ಒಂದು ನಾಡಿನ ಸಂಬಳವನ್ನು ಮಾತ್ರ ಪಡೆದು ಅದರ ನುಡಿ, ನೆರೆ, ಹಬ್ಬಗಳನ್ನು ಹೊಸ್ತಿಲ ಹೊರಗೇ ಇರಿಸುವ ಸಂಸಾರಗಳು ಈ ಕಥೆಯನ್ನು ಕೇಳತಕ್ಕವು.

ನೆರೆಹೊರೆಯಾದರೋ ಒಳಗೆ ಕರೆಯಲು ಸಿದ್ಧವಾಗಿಯೇ ಇದೆ. ತನ್ನ ಮನೆಯನ್ನು ತೋರಿಸುತ್ತ ‘ಇದು ತಮ್ಮ ಮನೆ’ ಎನ್ನುವುದು ಅಲ್ಲಿಯ ಹಳೆಯ ಮರ್ಯಾದೆ. ಸಲಿಗೆಯವರಿಗೆ ‘ತೂ’, ಗೌರವಕ್ಕೆ ‘ಉಸ್ತೇದ್’. ಇಂಗ್ಲಿಷಿನಲ್ಲಿ ಕಳೆದುಹೋದ ಈ ಭೇದವನ್ನು ಕನ್ನಡದ ನೀನು–ನೀವು, ತುಳುವಿನ ಈ–ಈರ್ ಬಲ್ಲ ಮಗು ಯಾರೂ ಹೇಳಿಕೊಡದೆ ಹಿಡಿಯುತ್ತದೆ. ಕೊಂಕಣಿಯ ಮಗುವಿಗಂತೂ ‘ತೂಂ’ ಎಂಬ ಶಬ್ದವೇ ಅಲ್ಲಿ ಎದುರು ಬಂದು ನಿಲ್ಲುತ್ತದೆ.

ಅಡಿಗೆಮನೆಯ ಲೆಕ್ಕವನ್ನು ತೆಗೆದರೆ ಸಾಲವು ಇನ್ನೂ ಹಳೆಯದು. ಮೆಣಸಿನಕಾಯಿ, ಟೊಮೆಟೊ, ಚಿಕ್ಕು, ದೇವರ ಮಾಲೆಯ ಚೆಂಡುಹೂವು ಕೂಡ ಆ ಭೂಭಾಗದಿಂದಲೇ ಬಂದವು. ‘ಮೆಣಸು’ ಎಂಬುದು ಮೊದಲು ನಮ್ಮ ಕಾಳಿನ ಹೆಸರು. ಹೊರಗಿನ ಕಾಯಿ ಬಂದು ಆ ಹೆಸರನ್ನು ಪಡೆದುಕೊಂಡಾಗ ಮನೆಯ ಕಾಳು ತಾನು ಬೇರೆಯೆಂದು ತೋರಿಸಲು ಕನ್ನಡದಲ್ಲಿ ‘ಒಳ್ಳೆಮೆಣಸು’, ತುಳುವಿನಲ್ಲಿ ‘ಎಡ್ಡೆಮುಂಚಿ’ ಎನಿಸಿಕೊಳ್ಳಬೇಕಾಯಿತು. ಇಂದಿಗೂ ಅನೇಕ ಮನೆಗಳಲ್ಲಿ ಶ್ರಾದ್ಧದ ಅಡಿಗೆಗೆ ಒಳ್ಳೆಮೆಣಸೇ ಸಲ್ಲುವುದು, ಮೆಣಸಿನಕಾಯಿ ಸಲ್ಲದು. ಮೆಕ್ಸಿಕೋದಲ್ಲಿ ಅಪ್ಪನ ತಿಥಿ ಮಾಡುವ ಮಗನಿಗೆ ಆ ನಾಡಿನ ಅಂಗಡಿಯಲ್ಲಿ ಬಗೆಬಗೆಯ ಮೆಣಸಿನಕಾಯಿಗಳ ರಾಶಿಯ ನಡುವೆ ತನ್ನ ಊರಿನ ಕಾಳನ್ನು ಹುಡುಕುವ ಕೆಲಸ. ತಿಥಿಯಾದರೂ ಯಾವ ದಿನ? ಹನ್ನೊಂದೂವರೆ ಗಂಟೆಯ ಅಂತರದಲ್ಲಿ ಉಡುಪಿಯ ಪಂಚಾಂಗವು ಒಂದು ದಿನವನ್ನು ಹೇಳಿದರೆ ಅಲ್ಲಿಯ ಸೂರ್ಯೋದಯವು ಇನ್ನೊಂದನ್ನು ಹೇಳಬಹುದು.

ಇಲ್ಲಿ ಒಂದು ಕಠಿಣವಾದ ಆಕ್ಷೇಪಣೆ ಏಳುತ್ತದೆ. ಋಣವು ಅಜ್ಜಿಗೆ ಸಲ್ಲತಕ್ಕದ್ದಾದರೆ ಅವಳು ಕಾಲವಾದ ದಿನ ಅದು ತೀರಿಹೋಯಿತೇ? ನೇರವಾದ ಉತ್ತರ: ತೀರಿತು. ಆ ಮೇಲೆ ಮೊಮ್ಮಗಳು ಆ ನುಡಿಯನ್ನು ಆಡಿದರೂ ಬಿಟ್ಟರೂ ಯಾರೂ ಕೇಳುವ ಹಕ್ಕಿಲ್ಲ. ಇದು ಭಾಷಾಭಿಮಾನಿಗಳಿಗೆ ಕಹಿಯಾದರೂ ಮಗುವನ್ನು ಹುಟ್ಟಿನಿಂದಲೇ ಸಾಲಗಾರನನ್ನಾಗಿಸುವುದಕ್ಕಿಂತ ನ್ಯಾಯವಾದುದು. ಆದರೆ ಅಲ್ಲಿಗೆ ಎಲ್ಲವೂ ಮುಗಿಯುವುದಿಲ್ಲ. ನವೆಂಬರ್ 1 ಮತ್ತು 2ರಂದು ಮೆಕ್ಸಿಕೋದ ಮನೆಗಳಲ್ಲಿ ಗತಿಸಿದವರ ಹಬ್ಬ. ಮಂಟಪವನ್ನು ಕಟ್ಟಿ, ಚೆಂಡುಹೂವನ್ನು ಹರಡಿ, ಸತ್ತವರ ಪಟದ ಮುಂದೆ ಅವರವರಿಗೆ ಪ್ರಿಯವಾಗಿದ್ದ ತಿಂಡಿಯನ್ನಿಡುತ್ತಾರೆ. ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆ ಹಾಕಿ ಬಡಿಸುವ ತುಳುನಾಡಿನವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. ಶಾಲೆಯ ಮಕ್ಕಳೆಲ್ಲ ತಮ್ಮ ತಮ್ಮ ಅಜ್ಜಅಜ್ಜಿಯರ ಪಟವನ್ನು ತರುವಾಗ ಕಾರ್ಕಳದ ಅಜ್ಜಿಯ ಮೊಮ್ಮಗಳೂ ಒಂದನ್ನು ಒಯ್ಯುವಳು. ಮುಂದೆ ಇಡತಕ್ಕದ್ದು ಪತ್ರೊಡೆಯೋ, ಹಲಸಿನೆಲೆಯ ಕಡುಬೋ, ಬರಿಯ ಗಂಜಿಯೂ ಉಪ್ಪಿನಕಾಯಿಯೋ? ತಂದೆಯನ್ನು ಕೇಳಿದರೆ ಅವನು ತನಗೆ ಇಷ್ಟವಾದುದನ್ನೇ ಹೇಳಿಯಾನು. ಅಜ್ಜಿಯ ಬಾಯಿಂದಲೇ ಅದನ್ನು ಕೇಳಿ ತಿಳಿದಿದ್ದರೆ ಮಾತ್ರ ಆ ಹುಡುಗಿಯು ತಟ್ಟೆಯಲ್ಲಿ ಏನಿಡಬೇಕೆಂಬುದನ್ನು ತಾನಾಗಿ ಬಲ್ಲಳು.