ಶಕ್ತಿಯೂ ಅಭ್ಯಾಸವೂ

ಕಾವ್ಯಕ್ಕೆ ಹೇತುವೇನೆಂದು ವಿಚಾರಿಸುವಾಗ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಹೇಳಿ, ಇವು ಮೂರು ಹೇತುಗಳಲ್ಲ, ಮೂರೂ ಕೂಡಿ ಒಂದೇ ಹೇತುವೆಂದು ವಿವರಿಸುತ್ತಾನೆ. ಕವಿಯ ವಿಷಯದಲ್ಲಿ ಈ ಮಾತನ್ನು ಪರೀಕ್ಷಿಸುವುದು ಕಷ್ಟ. ಕವಿತೆಯನ್ನು ಅಳೆಯುವ ಕೋಲು ನಮ್ಮಲ್ಲಿಲ್ಲ. ಅಮೆರಿಕಾದಲ್ಲಿ ಜೀವನೋಪಾಯವಾಗಿಯೇ ನಡೆಯುತ್ತಿರುವ ಬೇಸ್‌ಬಾಲ್ ಆಟದಲ್ಲಾದರೋ ಪ್ರತಿಯೊಂದು ಹೊಡೆತಕ್ಕೂ ಲೆಕ್ಕವುಂಟು. ಆದುದರಿಂದ ಸಾಮರ್ಥ್ಯವು ಹುಟ್ಟಿನಿಂದಲೋ ಸಾಧನೆಯಿಂದಲೋ ಎಂಬ ಹಳೆಯ ಜಿಜ್ಞಾಸೆಗೆ ಆ ಆಟವು ಒಂದು ಒರೆಗಲ್ಲಾಗಬಹುದು.

ಅಲ್ಲಿ ಚೆಂಡೆಸೆಯುವವನಿಗೂ ಹೊಡೆಯುವವನಿಗೂ ನಡುವೆ 60 ಅಡಿ 6 ಅಂಗುಲ ಅಂತರ. ಗಂಟೆಗೆ 90 ಮೈಲಿ ವೇಗದ ಚೆಂಡು ಅರ್ಧ ಸೆಕೆಂಡಿನೊಳಗಾಗಿ ಬಂದು ಮುಟ್ಟುತ್ತದೆ. ಅಷ್ಟರಲ್ಲಿ ನೋಡಿ, ನಿಶ್ಚಯಿಸಿ, ದಾಂಡನ್ನು ಬೀಸಬೇಕು. ಇಂಥವನ ಕಣ್ಣು ದೈವದತ್ತವೇ ಸರಿ ಎಂದು ತೋರುವುದು ಸಹಜ. ವೈದ್ಯರ ಪರೀಕ್ಷೆಯಲ್ಲಿಯೂ ಈ ಕಸುಬಿನ ಆಟಗಾರರ ದೃಷ್ಟಿಯು ಸಾಮಾನ್ಯರದಕ್ಕಿಂತ ತೀಕ್ಷ್ಣವೆಂದೇ ಕಂಡುಬಂದಿದೆ.

ಆದರೆ 2004ರಲ್ಲಿ ನಡೆದ ಒಂದು ಪ್ರದರ್ಶನ ಪಂದ್ಯವನ್ನು ನೋಡೋಣ. ಆ ಕಾಲದ ಅಗ್ರಗಣ್ಯ ಹೊಡೆತಗಾರರಲ್ಲೊಬ್ಬನಾದ ಆಲ್ಬರ್ಟ್ ಪೂಹೋಲ್ಸ್ ಎಂಬವನು, ಸಾಫ್ಟ್‌ಬಾಲ್ ಆಟಗಾರ್ತಿ ಜೆನ್ನಿ ಫಿಂಚಳು ಕೈಯನ್ನು ಕೆಳಗಿನಿಂದ ಬೀಸಿ ಎಸೆದ ಚೆಂಡನ್ನು ಹೊಡೆಯಲಾರದೆ ಔಟಾದನು. ಚೆಂಡೇನೋ ಗಾತ್ರದಲ್ಲಿ ದೊಡ್ಡದು. ಕಣ್ಣೂ ಅದೇ ಕಣ್ಣು. ಇಲ್ಲದಿದ್ದುದು ಪರಿಚಯ: ಎಸೆಯುವವರ ಭುಜ, ಮಣಿಕಟ್ಟುಗಳ ಚಲನೆಯನ್ನು ಸಾವಿರಾರು ಬಾರಿ ಕಂಡು, ಚೆಂಡು ಬರುವ ಎಡೆಯನ್ನು ಮೊದಲೇ ಊಹಿಸುವ ಸಂಸ್ಕಾರ. ಬಾಸ್ಕೆಟ್‌ಬಾಲಿನ ಮೇರುವಾದ ಮೈಕೆಲ್ ಜೋರ್ಡನ್ನನು 1994ರಲ್ಲಿ ಬೇಸ್‌ಬಾಲಿಗಿಳಿದು, ಕೆಳದರ್ಜೆಯ ತಂಡವೊಂದರಲ್ಲಿ 127 ಪಂದ್ಯಗಳನ್ನಾಡಿ, ಸಾವಿರಕ್ಕೆ 202ರ ಬಡ ಸರಾಸರಿಯನ್ನು ಪಡೆದನು. ಅವನ ದೇಹಶಕ್ತಿಗೆ ಕೊರತೆಯಿತ್ತೆಂದು ಯಾರು ಹೇಳಿಯಾರು? ಬಾಲ್ಯದಲ್ಲಿ ಬಿಟ್ಟ ಅಭ್ಯಾಸವು ಮೂವತ್ತು ದಾಟಿದ ಮೇಲೆ ಕರೆದಾಗ ಬರಲಿಲ್ಲ.

ಹಾಗಾದರೆ ಅಭ್ಯಾಸವೇ ಸರ್ವಸ್ವವೆನ್ನೋಣವೆ? ಈ ಮಾತು ಕೇಳುವುದಕ್ಕೆ ಇಂಪು, ಒಳಗೆ ಕ್ರೂರ. ಸೋತವನನ್ನೆಲ್ಲ ಸೋಮಾರಿಯೆಂದು ಕರೆಯಲು ಅದು ಅಪ್ಪಣೆ ಕೊಡುತ್ತದೆ. ಹುಟ್ಟೇ ಸರ್ವಸ್ವವೆಂಬುವರು ಹತ್ತು ವರ್ಷದ ಮಗುವಿಗೆ "ಇದು ನಿನಗೆ ಹತ್ತುವ ವಿದ್ಯೆಯಲ್ಲ" ಎಂದುಬಿಡುತ್ತಾರೆ. ನಮ್ಮ ಮನೆಗಳಲ್ಲಿ ಗಣಿತಕ್ಕೂ ಸಂಗೀತಕ್ಕೂ ಈ ತೀರ್ಪು ಎಷ್ಟು ಸುಲಭವಾಗಿ ಹೊರಡುತ್ತದೆಂಬುದನ್ನು ವಾಚಕರೇ ಬಲ್ಲರು.

ಮೈಕ್ ಪಿಯಾಜಾ ಎಂಬವನ ಚರಿತ್ರೆಯು ಎರಡು ಪಕ್ಷಗಳನ್ನೂ ಕಾಡತಕ್ಕದ್ದು. 1988ರಲ್ಲಿ ತಂಡಗಳು ತರುಣರನ್ನು ಆರಿಸಿಕೊಂಡಾಗ ಅವನ ಸರದಿ ಬಂದುದು 1389 ಮಂದಿಯಾದ ಮೇಲೆ. ಪರೀಕ್ಷಕರ ಕಣ್ಣಿಗೆ ಅವನಲ್ಲಿ ಶಕ್ತಿ ಕಾಣಲಿಲ್ಲ. ಆದರೂ 2016ರಲ್ಲಿ ಅವನು ಆ ಆಟದ ಕೀರ್ತಿಮಂದಿರವನ್ನು ಸೇರಿದನು. ಅಭ್ಯಾಸವಾದಿಗಳು ಇಲ್ಲಿಗೇ ಕಥೆಯನ್ನು ನಿಲ್ಲಿಸಲು ಬಯಸುತ್ತಾರೆ. ಆದರೆ ಅವನ ತಂದೆ ಸಿರಿವಂತ. ಮಗನ ಸಾಧನೆಗೆಂದು ಮನೆಯಲ್ಲಿಯೇ ಬಲೆ ಕಟ್ಟಿಸಿದ್ದನು. ಮಹಾ ಹೊಡೆತಗಾರನಾದ ಟೆಡ್ ವಿಲಿಯಮ್ಸನೇ ಅಲ್ಲಿಗೆ ಬಂದು ಹುಡುಗನಿಗೆ ಬುದ್ಧಿ ಹೇಳಿದ್ದುಂಟು. ಕಡೆಗೆ ಅವನನ್ನು ಆರಿಸಿದ್ದೂ ತಂದೆಯ ಗೆಳೆಯನಾದ ತರಬೇತುಗಾರನ ಮಾತಿಗಾಗಿ.

ಬೆವರು ಅವನದೇ, ಅದನ್ನು ನಾನು ಅಲ್ಲಗಳೆಯೆನು. ಆದರೆ ಬೆವರು ಸುರಿಸುವುದಕ್ಕೆ ಬೇಕಾದ ಹಿತ್ತಿಲು, ಬಿಡುವು, ಗುರು, ಬಾಗಿಲು ತೆರೆಯುವ ಬಂಧು, ಇವೂ ಜನ್ಮದೊಡನೆಯೇ ಬಂದುವಲ್ಲವೆ? ಮಮ್ಮಟನ ಮೂರರಲ್ಲಿ ಇವನ್ನು ಎಲ್ಲಿ ಸೇರಿಸೋಣ? ಪಿಯಾಜಾನಿಗೆ ಮೊದಲು ಹೆಸರು ಕೂಗಿಸಿಕೊಂಡ 1389 ಮಂದಿಗಾದರೂ ಪಟ್ಟಿಯಲ್ಲಿ ಸ್ಥಳವಿತ್ತು. ಹಿತ್ತಿಲೇ ಇಲ್ಲದ ಹುಡುಗರಲ್ಲಿ ಎಷ್ಟು ಮಂದಿಗೆ ಅಂಥ ಕಣ್ಣು ಇದ್ದಿತೆಂಬುದನ್ನು, ಪ್ರತಿಯೊಂದು ಹೊಡೆತಕ್ಕೂ ಲೆಕ್ಕವಿಡುವ ಆ ಜನರೂ ಬರೆದಿಟ್ಟಿಲ್ಲ.