ಮನೆಯ ಸೇನಾಪತಿ ಯಾರು?

ಗಂಡ ದಂಡಿಗೆ ಹೋದನೆಂದು ಮನೆಯ ಕೆಲಸ ನಿಲ್ಲುವುದಿಲ್ಲ. ಮಗುವಿಗೆ ಜ್ವರ ಬರುತ್ತದೆ, ಮಾಡು ಸೋರುತ್ತದೆ, ಬಾಕಿಯವನು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಅತ್ತ ಎಂಥ ಯುದ್ಧ ನಡೆಯುತ್ತಿದ್ದರೂ ಇತ್ತ ಸಂಜೆಗೆ ಒಲೆ ಹಚ್ಚಲೇಬೇಕು. ಈ ಬೆಳಿಗ್ಗೆ ಇದನ್ನೆಲ್ಲ ನೆನಪಿಗೆ ತಂದದ್ದು ಸುಮಾರು 250 ವರ್ಷ ಹಳೆಯದೊಂದು ಕಾಗದ. 1777ರ ಆಗಸ್ಟ್ 23ರಂದು ಬಾಸ್ಟನ್ ನಗರದಿಂದ ಅದನ್ನು ಬರೆದವಳು ಲೂಸಿ ನಾಕ್ಸ್. ವಯಸ್ಸು 21. ಆಕೆಯ ಗಂಡ ಹೆನ್ರಿ ನಾಕ್ಸ್ ಆಗ, ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಜಾರ್ಜ್ ವಾಷಿಂಗ್ಟನ್ ಸೈನ್ಯದ ಫಿರಂಗಿ ದಳದ ಮುಖ್ಯಸ್ಥ.

ಹೆನ್ರಿ ಸಿಪಾಯಿ ಮನೆತನದವನೇನಲ್ಲ. ಬಾಸ್ಟನ್ನಿನಲ್ಲಿ ಪುಸ್ತಕದಂಗಡಿ ಇಟ್ಟುಕೊಂಡಿದ್ದವನು. ಫಿರಂಗಿಯ ವಿದ್ಯೆಯನ್ನು ಬಹುಪಾಲು ಪುಸ್ತಕ ಓದಿಯೇ ಕಲಿತವನು. ಲೂಸಿಯ ತಂದೆಯಾದರೋ ಬ್ರಿಟಿಷ್ ದೊರೆಯ ಕಡೆಯವರು, ಮ್ಯಾಸಚೂಸೆಟ್ಸ್ ಪ್ರಾಂತ್ಯದ ಕಾರ್ಯದರ್ಶಿ. 1774ರಲ್ಲಿ ನಡೆದ ಮದುವೆ ತವರಿನವರಿಗೆ ಹಿಡಿಸಲಿಲ್ಲ. ಮರುವರ್ಷದ ಚಳಿಗಾಲದಲ್ಲಿ ಹೆನ್ರಿ ಟೈಕಾಂಡೆರೋಗ ಕೋಟೆಯಿಂದ ಸುಮಾರು 60 ಟನ್ ತೂಕದ ಫಿರಂಗಿಗಳನ್ನು ಹಿಮದ ಮೇಲೆ ಜಾರುಬಂಡಿಗಳಲ್ಲಿ ಎಳೆಸಿಕೊಂಡು, ಹತ್ತಿರ ಹತ್ತಿರ 300 ಮೈಲಿ ದಾಟಿಸಿ ಬಾಸ್ಟನ್ನಿಗೆ ತಂದ. ಅವು ಗುಡ್ಡದ ಮೇಲೆ ಕಾಣಿಸಿಕೊಂಡದ್ದೇ ತಡ, 1776ರ ಮಾರ್ಚ್‌ನಲ್ಲಿ ಬ್ರಿಟಿಷರು ಊರು ಬಿಟ್ಟರು. ಲೂಸಿಯ ತವರಿನವರೂ ಊರು ಬಿಟ್ಟರು. ಗಂಡನ ಆ ದೊಡ್ಡ ಗೆಲುವೇ ಹೆಂಡತಿಗೆ ತವರನ್ನು ಇಲ್ಲವಾಗಿಸಿತು. ತಂದೆತಾಯಿಯ ಮುಖವನ್ನು ಆಕೆ ಮತ್ತೆ ನೋಡಲಿಲ್ಲ.

ಹೀಗೆ ಒಂಟಿಯಾದವಳ ಕೈಗೆ ಸಂಸಾರ ಬಂತು. ಪುಸ್ತಕದಂಗಡಿ ಲೂಟಿಯಾಗಿತ್ತು. ಯುದ್ಧದ ಖರ್ಚಿಗೆಂದು ಅಚ್ಚು ಹಾಕಿದ ಕಾಗದದ ಹಣ ದಿನದಿನಕ್ಕೂ ಬೆಲೆ ಕಳೆದುಕೊಳ್ಳುತ್ತಿತ್ತು, ದಿನಸಿಯ ಬೆಲೆ ಏರುತ್ತಿತ್ತು. ಅದರ ಜೊತೆಗೆ ಸಿಡುಬು. 1777ರ ವಸಂತದಲ್ಲಿ ಲೂಸಿ ತಾನೂ ಸಿಡುಬು ಹಾಕಿಸಿಕೊಂಡು ಪುಟ್ಟ ಮಗಳಿಗೂ ಹಾಕಿಸಿದಳು. ಇಂದಿನ ಲಸಿಕೆಯಂತಲ್ಲ ಅದು. ರೋಗಿಯ ಬೊಕ್ಕೆಯ ಕೀವನ್ನೇ ತೋಳಿನ ಗಾಯಕ್ಕೆ ಸೇರಿಸಿ, ರೋಗವನ್ನು ಬರಿಸಿಕೊಂಡು, ಬದುಕಿದರೆ ಗೆದ್ದೆ ಎನ್ನುವ ಬಗೆ. ಗಂಡನನ್ನು ಕೇಳೋಣವೆಂದರೆ ಟಪಾಲು ಕುದುರೆಯ ಮೇಲೆ ಹೋಗಿಬರಬೇಕು, ಅಷ್ಟರಲ್ಲಿ ಸೈನ್ಯದ ಬಿಡಾರ ಬೇರೆಡೆಗೆ ಸಾಗಿರುತ್ತದೆ. ದೂರದಿಂದ ಬರುವ ಸಲಹೆಯ ಕಷ್ಟವೇ ಇದು. ಎಷ್ಟೇ ಪ್ರೀತಿಯಿಂದ ಬರೆದದ್ದಾದರೂ ಅದು ಕೈಗೆ ಸಿಗುವ ಹೊತ್ತಿಗೆ ಮನೆಯಲ್ಲಿದ್ದವರು ಏನೋ ಒಂದು ನಿರ್ಧಾರ ಮಾಡಿ ಮುಗಿಸಿರುತ್ತಾರೆ.

ಆಗಸ್ಟ್‌ನ ಆ ಕಾಗದದಲ್ಲಿ ಲೂಸಿ, ತಾನೀಗ ವ್ಯವಹಾರ ಬಲ್ಲ ಹೆಂಗಸಾಗಿದ್ದೇನೆಂದು ತಿಳಿಸುತ್ತಾಳೆ. ನೀವು ಯುದ್ಧ ಮುಗಿಸಿ ಬಂದ ಮೇಲೆ ಮನೆಗೆ ನೀವೊಬ್ಬರೇ ಸೇನಾಪತಿ ಎಂದುಕೊಳ್ಳಬೇಡಿ, ಸಮ ಅಧಿಕಾರವೆಂಬುದೂ ಒಂದಿದೆ ಎಂಬ ಅರ್ಥದ ಮಾತನ್ನೂ ಸೇರಿಸುತ್ತಾಳೆ. ಜೊತೆಗೇ ಒಂದು ಚಿವುಟು: ಆ ಫ್ರೆಂಚ್ ಅಧಿಕಾರಿಯ ವಿಷಯದಲ್ಲಿ ಮಾತ್ರ ಈ ತತ್ವ ಬೇಡ!

ಆ ಅಧಿಕಾರಿ ದು ಕೂದ್ರೆ. ಅಮೆರಿಕದ ಪ್ರತಿನಿಧಿಯೊಬ್ಬರು ಪ್ಯಾರಿಸ್‌ನಲ್ಲಿ ಕೂತು, ಫಿರಂಗಿ ದಳದ ಅಧಿಕಾರವನ್ನೇ ಆತನಿಗೆ ಕೊಡುವುದಾಗಿ ಮಾತು ಕೊಟ್ಟುಬಿಟ್ಟಿದ್ದರು. ತನ್ನ ತಲೆಯ ಮೇಲೆ ಇನ್ನೊಬ್ಬನನ್ನು ಕೂರಿಸಿದರೆ ರಾಜೀನಾಮೆ ಕೊಡುತ್ತೇನೆಂದು ಹೆನ್ರಿ ಅಮೆರಿಕದ ಕಾಂಗ್ರೆಸ್ಸಿಗೆ ಬರೆದಿದ್ದ. (ಆ ಫ್ರೆಂಚನು ಮುಂದಿನ ತಿಂಗಳೇ ಕುದುರೆಯೊಡನೆ ದೋಣಿಯಿಂದ ಹೊಳೆಗೆ ಬಿದ್ದು ತೀರಿಕೊಂಡ.) ತನ್ನ ಕೈಯ ಅಧಿಕಾರ ಜಾರುವಾಗ ಗಂಡನಿಗೆ ಎಷ್ಟು ಉರಿಯಿತೆಂಬುದನ್ನು ಲೂಸಿ ಬಲ್ಲಳು. ಆ ಉರಿ ಇನ್ನೂ ಹಸಿಯಾಗಿರುವಾಗಲೇ ಅದರ ಪಕ್ಕದಲ್ಲಿ ತನ್ನ ಅಹವಾಲನ್ನು ಇಡುತ್ತಾಳೆ. ನಗುತ್ತಲೇ ಆಡಿದ ಮಾತು. ಆದರೂ ತುಂಬ ಲೆಕ್ಕ ಹಾಕಿ ಆಡಿದ್ದು.

ಕಾನೂನು ಆಕೆಯ ಕಡೆ ಇರಲಿಲ್ಲ. ಅಂದಿನ ಇಂಗ್ಲಿಷ್ ಕಾನೂನಿನಂತೆ ಮದುವೆಯಾದ ಹೆಂಗಸಿನ ಆಸ್ತಿ ಗಂಡನ ಹತೋಟಿಗೆ ಹೋಗುತ್ತಿತ್ತು, ಅವಳ ಹೆಸರಲ್ಲಿ ಕರಾರು ನಡೆಯುತ್ತಿರಲಿಲ್ಲ. ಹೀಗಿದ್ದೂ ಆಕೆ ಯುದ್ಧ ಮುಗಿಯಲೆಂದು ಕಾಯಲಿಲ್ಲ. ನನಗೆ ಹೆಚ್ಚು ಮೆಚ್ಚುಗೆಯಾದದ್ದು ಇದೇ. ಹೋಗುವಾಗ ಕೊಟ್ಟ ಯಜಮಾನಿಕೆಯನ್ನು ಬಂದವನು ಮಾತಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳುವುದು ಲೋಕರೂಢಿ. ಅಗಲಿಕೆಯನ್ನು ನಾವು ದೊಡ್ಡದಾಗಿ ಕಾಣುತ್ತೇವೆ, ಅದರ ಮೇಲೆ ಹಾಡು ಕಟ್ಟುತ್ತೇವೆ. ಮರಳಿ ಬಂದ ಮೇಲಿನ ಇರಿಸುಮುರಿಸನ್ನು ಹಾಡುವವರಿಲ್ಲ. ನಮ್ಮ ಸೈನಿಕರ ಮನೆಗಳಲ್ಲೂ ಇದು ಹೊಸತಲ್ಲ. ಹತ್ತು ತಿಂಗಳು ಬ್ಯಾಂಕು, ಶಾಲೆ, ಹೊಲ, ಅತ್ತೆಯ ಔಷಧಿ ಎಲ್ಲವನ್ನೂ ತೂಗಿಸಿದವಳು, ಗಂಡ ರಜೆಗೆ ಬಂದ ದಿನ ‘ಅವರನ್ನೇ ಕೇಳಿ’ ಎಂದು ಒಳಗೆ ಸರಿಯುತ್ತಾಳೆ. ಮರ್ಯಾದೆಗೆ ಹಾಗೆ ಮಾಡುವವರೂ ಇದ್ದಾರೆ; ಬೇರೆ ದಾರಿಯಿಲ್ಲದೆ ಮಾಡುವವರೂ ಇದ್ದಾರೆ.

ಆಕೆ ಬರೆದ ಮರುದಿನವೇ ವಾಷಿಂಗ್ಟನ್ ಸೈನ್ಯ ಫಿಲಡೆಲ್ಫಿಯಾದ ಬೀದಿಗಳಲ್ಲಿ ಸಾಗಿಹೋಯಿತು. ಮುಂದೆ ಸೆಪ್ಟೆಂಬರ್ 11ಕ್ಕೆ ಬ್ರ್ಯಾಂಡಿವೈನ್ ಕಾಳಗ, ಸೋಲು. ಅಂಥ ಅಲೆದಾಟದಲ್ಲಿ ಮನೆಯಿಂದ ಬಂದ ಕಾಗದಗಳನ್ನು ಬಿಡಾರದಿಂದ ಬಿಡಾರಕ್ಕೆ ಉಳಿಸಿಕೊಂಡು ಹೋಗುವುದು ಸುಲಭವಲ್ಲ. ಎಷ್ಟೋ ಯುದ್ಧಗಳಲ್ಲಿ ಸಿಪಾಯಿಗಳ ಕಾಗದ ಮನೆಯ ಪೆಟ್ಟಿಗೆಯಲ್ಲಿ ಭದ್ರವಾಗಿ ಉಳಿದವು, ಹೆಂಡತಿಯರ ಕಾಗದ ಮಳೆಗೆ, ಬೆಂಕಿಗೆ ಹೋದವು. ನಾಕ್ಸ್ ದಂಪತಿಯದಾದರೆ ಇಬ್ಬರ ಕಾಗದಗಳೂ ಇಂದಿಗೂ ಓದಲು ಸಿಗುತ್ತವೆ, ಮನೆಯ ಸೇನಾಪತ್ಯ ಕೇಳಿದ ಆ ಕಾಗದವೂ ಸೇರಿ.

ಮುಂದಿನದು ಕಥೆಯಂತೆ ಸುಖವಾಗಿ ಮುಗಿಯಲಿಲ್ಲ. 13 ಮಕ್ಕಳಲ್ಲಿ ದೊಡ್ಡವರಾಗಿ ಬಾಳಿದ್ದು ಮೂವರು. ಹೆನ್ರಿ 1789ರಲ್ಲಿ ವಾಷಿಂಗ್ಟನ್ ಸರ್ಕಾರದ ಯುದ್ಧ ಕಾರ್ಯದರ್ಶಿಯಾದ. ಆಮೇಲೆ ಲೂಸಿಯ ತಾಯಿಯ ಕಡೆಯಿಂದ ಬಂದ ಮೇನ್ ಪ್ರಾಂತ್ಯದ ಭೂಮಿಯಲ್ಲಿ ದೊಡ್ಡ ಬಂಗಲೆ ಕಟ್ಟಿಸಿ, ಸುಣ್ಣ, ಮರ, ಹಡಗು ಎಂದು ಹತ್ತಾರು ಉದ್ಯಮಕ್ಕೆ ಕೈಹಾಕಿ ಸಾಲಕ್ಕೆ ಬಿದ್ದ. ಹೆಂಡತಿಯ ಮಾತು ಕೇಳಿದ್ದರೆ ಉಳಿಯುತ್ತಿದ್ದ ಎಂದು ನಾನು ಹೇಳಲಾರೆ. ಖರ್ಚಿನಲ್ಲಿ ಆಕೆಯೂ ಧಾರಾಳಿಯೇ. 1806ರಲ್ಲಿ ಆತ ಸತ್ತ ಮೇಲೆ ಆ ಸಾಲದ ನಡುವೆ ಇನ್ನೂ 18 ವರ್ಷ ಬದುಕಿದವಳು ಲೂಸಿ.

ನಿಮ್ಮ ಮನೆಯ ಮಗನೋ ಅಳಿಯನೋ ಈ ಸಲ ಗಡಿಯಿಂದ ರಜೆಗೆ ಬರುವುದಿದ್ದರೆ, ಅವನಿಗೊಂದು ಮಾತು ಹೇಳಿ. ಮೊದಲ ವಾರ ಮನೆಯ ಲೆಕ್ಕವನ್ನು ಹೆಂಡತಿಯ ಬಾಯಿಂದ ಕೇಳಲಿ, ತಿದ್ದಲು ಹೋಗದಿರಲಿ.