ಪಟ್ಟ ಕೊಡೋರು ಯಾರು?

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಒಂದು ತಮಾಷೆ ಇದೆ. ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಎನ್‌ಸಿಎಎ, ಅತಿ ಮೇಲಿನ ದರ್ಜೆಯ ಫುಟ್‌ಬಾಲಿಗೆ ಮಾತ್ರ ರಾಷ್ಟ್ರೀಯ ಚಾಂಪಿಯನ್ ಪಟ್ಟ ಕೊಡೋದೇ ಇಲ್ಲ. ಪತ್ರಕರ್ತರ ಮತ, ಕೋಚ್‌ಗಳ ಮತ, ಯಾರದೋ ಗಣಿತದ ಸೂತ್ರ, ಈಗ ಪ್ಲೇಆಫ್. ಯಾವುದನ್ನು ಲೆಕ್ಕಕ್ಕೆ ಹಿಡೀಬೇಕು ಅನ್ನೋದು ಆಯಾ ಕಾಲೇಜಿನ ಇಷ್ಟ. ಪ್ರಿನ್ಸ್‌ಟನ್ನಿನ 28 ಪಟ್ಟಗಳಲ್ಲಿ 1869ರದ್ದೂ ಒಂದು. ಆ ವರ್ಷ ಅವರು ಆಡಿದ್ದೇ ಎರಡು ಪಂದ್ಯ, ಅದರಲ್ಲೊಂದು ಸೋತಿದ್ದರು!

ಅದನ್ನು ನಕ್ಕು ಬಿಡಬಹುದು. ನನ್ನನ್ನು ಕಾಡೋದು ಇನ್ನೆರಡು.

2017ರ ಸೀಸನ್ನಿನಲ್ಲಿ ಸೆಂಟ್ರಲ್ ಫ್ಲೋರಿಡಾ ಆಡಿದ 13 ಪಂದ್ಯವನ್ನೂ ಗೆದ್ದಿತು. ಫೈನಲ್ ತಲುಪಿದ ಅಲಬಾಮಾ, ಜಾರ್ಜಿಯಾ ಎರಡನ್ನೂ ಆ ವರ್ಷ ಒಮ್ಮೆ ಸೋಲಿಸಿದ್ದ ಆಬರ್ನ್, ಇವರ ಎದುರು 34–27ಕ್ಕೆ ಸೋತಿತು. ಆದರೆ ಸಮಿತಿ ಆರಿಸಿದ ನಾಲ್ಕು ತಂಡಗಳಲ್ಲಿ ಇವರಿಲ್ಲ. ಸರಿ, ನಾವೇ ಚಾಂಪಿಯನ್ ಅಂದರು, ಮೆರವಣಿಗೆ ಮಾಡಿದರು. ಕಾಲೀ ಅನ್ನೋ ಸೂತ್ರವೂ ಇವರಿಗೇ ಮೊದಲ ಸ್ಥಾನ ಕೊಟ್ಟಿತ್ತು. ಜನ ನಕ್ಕರು.

ಇತ್ತ ಅಲಬಾಮಾ 1941ರ ಪಟ್ಟ ತನ್ನದು ಅನ್ನುತ್ತೆ. ಎರಡು ಸೋಲು, ಪತ್ರಕರ್ತರ ಪಟ್ಟಿಯಲ್ಲಿ 20ನೇ ಸ್ಥಾನ. ಹೌಲ್ಗೇಟ್ ಅನ್ನೋರ ಸೂತ್ರ ಮಾತ್ರ ಇವರನ್ನು ಆರಿಸಿತ್ತು.

ಎರಡೂ ಕಡೆ ಒಂದು ಸೂತ್ರ ಇದೆಯಲ್ಲ, ವ್ಯತ್ಯಾಸ ಏನು ಅಂತ ನೀವು ಕೇಳಬಹುದು. ಕೋಡ್ ಬರೆಯೋನಿಗೆ ಇದು ಹೊಸದಲ್ಲ: ರಿಸಲ್ಟ್ ನೋಡಿ ಆಮೇಲೆ ಅಳತೆಗೋಲು ಆರಿಸಿದರೆ ಯಾರು ಬೇಕಾದರೂ ಪಾಸು. ಸೆಂಟ್ರಲ್ ಫ್ಲೋರಿಡಾವೂ ಹಾಗೇ ಆರಿಸಿತು, ನಿಜ. ಆದರೆ ಒಂದೂ ಸೋಲದವರಿಗೆ ಬಾಗಿಲು ಮುಚ್ಚಿದ ಮೇಲೆ, ಅದೇ ವರ್ಷ, ಆಡಿದ ಹುಡುಗರ ಎದುರೇ ಹೇಳಿತು. ಅಲಬಾಮಾ ತನ್ನ 1941ನ್ನು ಲೆಕ್ಕಕ್ಕೆ ಸೇರಿಸಿಕೊಂಡದ್ದು 1980ರ ದಶಕದಲ್ಲಿ.